ವಾರ್ಡ್ ಮೆಂಬರ್‌ಗೆ ತಿಂಗಳಿಗೆ ಎಷ್ಟು ಕೊಡಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮಗೆ ಅರ್ಧ ಎಕರೆ ತೋಟ ಇದೆ, ಉಳಿದಂತೆ ಕೂಲಿಯೇ ಆಧಾರ. ಸದಸ್ಯರಿಗೆ ತಿಂಗಳಿಗೆ 2 ಸಾವಿರ, ಅಧ್ಯಕ್ಷರಿಗೆ 6 ಸಾವಿರ ಗೌರವಧನ ಬರುತ್ತದೆ. ತೋಟದ ಕೆಲಸಕ್ಕೆ ಹೋದರೆ ನನಗೆ ದಿನಕ್ಕೆ 500 ರೂಪಾಯಿ ಸಿಗುತ್ತದೆ. ಗೌರವಧನ ಜಾಸ್ತಿ ಮಾಡಬೇಕು ಅಂತ ಗ್ರಾಮಸಭೆಯಲ್ಲಿ ಮಾತು ತೆಗೆದೆ. ‘ಸೇವೆ ಮಾಡ್ತೀನಿ ಅಂತ ವೋಟು ಕೇಳಿದವರಿಗೆ ಸಂಬಳ ಎಂಥಕ್ಕೆ?’ ಎಂದು ಹಿರಿಯರೊಬ್ಬರು ಎಲ್ಲರ ಎದುರು ಕೇಳಿದರು. ನಿಜವಾಗಿ ಎಷ್ಟು ಕೊಡಬೇಕು? ಅದನ್ನು ಯಾರು ತೀರ್ಮಾನ ಮಾಡಬೇಕು? ನಮ್ಮ ಪಂಚಾಯ್ತಿಗೆ ಬರುವ ಕಂದಾಯದ ದುಡ್ಡಿನಿಂದ ನಾವೇ ನಿರ್ಣಯ ಮಾಡಿ ಸ್ವಲ್ಪ ಜಾಸ್ತಿ ತಗೊಳ್ಳಬಹುದಾ?

ಉತ್ತರ: ಕಡೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳುವ ಹಾಗಿಲ್ಲ. ನಿರ್ಣಯ ಬರೆಯುವ ಆಲೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಯಾಕೆ ಅಂತ ಆಮೇಲೆ ವಿವರಿಸುತ್ತೇನೆ. ಮೊದಲು ಆ ಹಿರಿಯರ ಮಾತಿಗೆ ಬರೋಣ, ಏಕೆಂದರೆ ಅದಕ್ಕೆ ಸರಿಯಾದ ಉತ್ತರ ಸಿಗದೆ ಎಷ್ಟು ಎನ್ನುವ ಲೆಕ್ಕ ಶುರುವೇ ಆಗುವುದಿಲ್ಲ.

ಅವರನ್ನು ಸುಮ್ನೆ ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಈ ಮಾತಿಗೆ ತೂಕ ಇದೆ. ಆರಗದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ವೋಟಿನ ಜೊತೆ ಜನರ ಹತ್ತಿರವೇ ಚಿಲ್ಲರೆ ಕಾಸು ಎತ್ತಿ ಚುನಾವಣೆ ಗೆದ್ದ ಊರು ಅದು. ಅವರನ್ನು ನೋಡಿ ಬೆಳೆದವರಿಗೆ ರಾಜಕೀಯ ಮತ್ತು ಸಂಬಳ ಎರಡನ್ನೂ ಒಟ್ಟಿಗೆ ಕೇಳಿದರೆ ಮುಖ ಕಿವುಚುವುದು ಸಹಜ. ಆದರೆ ಆ ಹಿರಿಯರಿಗೆ ಎರಡು ವಿಷಯ ನೆನಪಿಸಿ. ಗೋಪಾಲಗೌಡರು ಶಾಸಕರಾಗಿದ್ದಾಗಲೂ ಶಾಸಕರಿಗೆ ಸಂಬಳ ಇತ್ತು. ಮತ್ತೆ, ಜನಪ್ರತಿನಿಧಿಗೆ ಸಂಬಳ ಕೊಡಿ ಎಂದು ಮೊದಲು ಕೂಗಿದವರು ದುಡ್ಡಿನ ಆಸೆಯವರಲ್ಲ, ಬಡವರ ಪರ ಇದ್ದವರು. 1838ರಲ್ಲಿ ಇಂಗ್ಲೆಂಡಿನ ಚಾರ್ಟಿಸ್ಟ್ ಕಾರ್ಮಿಕರು ಆರು ಬೇಡಿಕೆ ಇಟ್ಟರು. ಅದರಲ್ಲಿ ಒಂದು, ಪಾರ್ಲಿಮೆಂಟ್ ಸದಸ್ಯರಿಗೆ ಸಂಬಳ ಕೊಡಬೇಕು ಎನ್ನುವುದು. ಸಂಬಳ ಇಲ್ಲದಿದ್ದರೆ ಜಮೀನ್ದಾರರು ಬಿಟ್ಟು ಬೇರೆ ಯಾರೂ ಅಲ್ಲಿ ಕೂರಲು ಆಗುವುದಿಲ್ಲ ಎನ್ನುವುದು ಅವರ ವಾದ. ಅದು ಈಡೇರಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್.

ನಮ್ಮಲ್ಲೇ ನೋಡಿ. ಹಿಂದೆ ಪಂಚಾಯ್ತಿ ಚೇರ್ಮನ್ ಆಗುತ್ತಿದ್ದವರು ಯಾರು? ತೋಟ ಇದ್ದವರು, ಗೇಣಿ ಬರುತ್ತಿದ್ದವರು. ಅವರು ಬೆಳಿಗ್ಗೆ ಪಂಚಾಯ್ತಿ ಕಟ್ಟೆಯಲ್ಲಿ ಕೂತರೂ ಮನೆಯ ಒಲೆ ಉರಿಯುತ್ತಿತ್ತು, ಏಕೆಂದರೆ ಗದ್ದೆಯಲ್ಲಿ ಬೇರೆ ಯಾರೋ ದುಡಿಯುತ್ತಿದ್ದರು. ಅದು ಬಿಟ್ಟಿ ಸೇವೆ ಅಂತ ಕಾಣುತ್ತಿತ್ತು ಅಷ್ಟೇ, ಖರ್ಚು ಒಕ್ಕಲಿನವನ ತಲೆ ಮೇಲೆ ಬೀಳುತ್ತಿತ್ತು. 1974ರ ಭೂಸುಧಾರಣೆ ಬಂತು, ಗೇಣಿ ಹೋಯಿತು. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. 2010ರಲ್ಲಿ ಮಹಿಳೆಯರ ಮೀಸಲಾತಿ ಅರ್ಧಕ್ಕೆ ಏರಿತು. ನಿಮ್ಮಂಥವರು ಒಳಗೆ ಬರಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಆದರೆ ಒಳಗೆ ಬಂದವರ ಆ ದಿನದ ಕೂಲಿಯನ್ನು ಯಾರು ಕೊಡಬೇಕು ಎಂದು ಮಾತ್ರ ಯಾರೂ ಕೂತು ಯೋಚಿಸಲಿಲ್ಲ.

ನನ್ನ ಅಳತೆ ಇಷ್ಟೇ. ಆ ವಾರ್ಡಿನಲ್ಲಿ ದಿನಗೂಲಿ ಮೇಲೆ ಬದುಕುವ ಒಬ್ಬ ಹೆಂಗಸು ಸದಸ್ಯೆಯಾದರೆ ಕೈಯಿಂದ ಕಳೆದುಕೊಳ್ಳಬಾರದು. ಲಾಭ ಆಗಬೇಕಿಲ್ಲ, ನಷ್ಟ ಆಗಬಾರದು. ಶ್ರೀಮಂತರಿಗೆ ಈ ಮೊತ್ತ ಎಷ್ಟಾದರೂ ಒಂದೇ, ಅವರನ್ನು ಇಟ್ಟುಕೊಂಡು ಲೆಕ್ಕ ಹಾಕುವುದರಲ್ಲಿ ಅರ್ಥ ಇಲ್ಲ.

ಹಾಗಾದರೆ ಎಷ್ಟು ದಿನ ಹೋಗುತ್ತದೆ? ಸಭೆಗಳನ್ನು ಮಾತ್ರ ಎಣಿಸುವವರು ತಿಂಗಳಿಗೆ ಒಂದೋ ಎರಡೋ ದಿನ ಅನ್ನುತ್ತಾರೆ. ವಾರ್ಡ್ ಸದಸ್ಯರ ಕೆಲಸ ನೋಡದವರ ಮಾತು ಅದು. ಜುಲೈ ತಿಂಗಳ ಒಂದು ದಿನ ತಗೊಳ್ಳಿ. ರಾತ್ರಿ ಗಾಳಿಮಳೆ. ಬೆಳಿಗ್ಗೆ ಆರಕ್ಕೆ ಫೋನು: ದಾರಿಗೆ ಮರ ಬಿದ್ದಿದೆ, ಸ್ಕೂಲ್ ವ್ಯಾನ್ ಬರಲ್ಲ. ಮರ ಕಡಿಯುವವರನ್ನು ಹುಡುಕಬೇಕು, ಅರಣ್ಯ ಇಲಾಖೆಗೆ ಒಂದು ಮಾತು ಹೇಳಬೇಕು, ಲೈನ್‌ಮನ್ ಫೋನ್ ಎತ್ತುವ ತನಕ ಮಾಡುತ್ತಾ ಇರಬೇಕು. ಅಷ್ಟರಲ್ಲಿ ಮೇಲಿನ ಕೇರಿಯವರದು ಇನ್ನೊಂದು. ಗುಡ್ಡದಿಂದ ಬರುವ ಅಬ್ಬಿ ನೀರಿನ ಪೈಪು ಕೊಚ್ಚಿಹೋಗಿದೆ, ಊರೆಲ್ಲ ಮಳೆ, ಮನೆಯಲ್ಲಿ ಕುಡಿಯಲು ನೀರಿಲ್ಲ. ನೀರುಗಂಟಿಯನ್ನು ಕರೆದುಕೊಂಡು ಇಂಬಳ (ಜಿಗಣೆ) ಕಚ್ಚಿಸಿಕೊಂಡು ಗುಡ್ಡ ಹತ್ತಬೇಕು. ಮಧ್ಯಾಹ್ನ ಪಂಚಾಯ್ತಿಗೆ ಹೋದರೆ ಒಬ್ಬರ ಆಸ್ತಿಯ ಇ-ಸ್ವತ್ತು ದಾಖಲೆ ನಿಂತಿದೆ, ಇನ್ನೊಬ್ಬರ ಮನೆ ಗೋಡೆ ಕುಸಿದಿದೆ, ಪರಿಹಾರಕ್ಕೆ ಫೋಟೋ ಹೊಡೆಯಬೇಕು, ಕಂದಾಯ ಇಲಾಖೆಯ ವಿಎ ಬರುವ ತನಕ ಕಾಯಬೇಕು. ಮಳೆಗಾಲ ಮುಗಿದು ಬೇಸಿಗೆ ಹತ್ತಿರ ಬಂತೋ, ಮಂಗನ ಕಾಯಿಲೆಯ ಸರದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಜ್ವರ ಈಗಲೂ ನಮ್ಮನ್ನು ಬಿಟ್ಟಿಲ್ಲ. 2019ರ ಹೊತ್ತಿಗೆ ಸಾಗರದ ಅರಳಗೋಡು ಭಾಗದಲ್ಲಿ ಎಷ್ಟು ಜೀವ ಹೋಯಿತು ಅಂತ ನಿಮಗೂ ಗೊತ್ತು. ಎಲ್ಲೋ ಮಂಗ ಸತ್ತುಬಿದ್ದರೆ ಮೊದಲ ಫೋನು ಹೋಗುವುದು ಆಶಾ ಕಾರ್ಯಕರ್ತೆಗೆ ಅಥವಾ ಮೆಂಬರ್‌ಗೆ.

ಇದೆಲ್ಲ ಸೇರಿಸಿದರೆ ನಿಯತ್ತಾಗಿ ಕೆಲಸ ಮಾಡುವ ಸದಸ್ಯರಿಗೆ ತಿಂಗಳಿಗೆ ಎಂಟು ದಿನ ಹೋಗುತ್ತದೆ ಎನ್ನುವುದು ನನ್ನ ಅಂದಾಜು. ಕೆಲವು ತಿಂಗಳು ಕಡಿಮೆ, ಆಷಾಢದಲ್ಲಿ ಜಾಸ್ತಿ. ನಿಮ್ಮದೇ 500ರ ಲೆಕ್ಕದಲ್ಲಿ ಅದು 4 ಸಾವಿರ. ಫೋನು, ವಾರ್ಡ್ ಒಳಗಿನ ಓಡಾಟದ ಪೆಟ್ರೋಲು ಸೇರಿದರೆ ಇನ್ನೊಂದು ಸಾವಿರ. ಒಟ್ಟು 5 ಸಾವಿರ. ನಿಮ್ಮ ಕೈಗೆ ಬರುವುದು 2 ಸಾವಿರ. ಅಂದರೆ ಸದಸ್ಯೆಯಾಗಿರುವುದಕ್ಕೆ ಪ್ರತಿ ತಿಂಗಳೂ ನೀವೇ 3 ಸಾವಿರ ಕೊಡುತ್ತಿದ್ದೀರಿ. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಾದರೆ ಇನ್ನೂ ಜಾಸ್ತಿ, ಆಗ ಅಡಿಕೆ ಸುಲಿಯುವ ಕೆಲಸ ರಾತ್ರಿ ತನಕ ಇರುತ್ತದಲ್ವಾ.

500 ಎನ್ನುವುದು ಮಲೆನಾಡಿನ ದುಬಾರಿ ಕೂಲಿ, ಎಲ್ಲ ಕಡೆ ಅಷ್ಟಿಲ್ಲ ಎಂದು ಯಾರಾದರೂ ವಾದಿಸಬಹುದು. ಸರಿ, ಸರ್ಕಾರದ್ದೇ ದರ ಹಿಡಿಯಿರಿ. 2025–26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ದಿನಕ್ಕೆ 2,960. ಕಾಲುವೆ ತೋಡುವವರಿಗೆ ಸರ್ಕಾರ ಕಟ್ಟಿದ ದರದಲ್ಲೂ 2 ಸಾವಿರ ಸಾಕಾಗುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2 ಸಾವಿರ. ಆ ದುಡ್ಡು ಬಂದಿಲ್ಲ ಅಂತ ದೂರು ಹೇಳಿಕೊಂಡು ಬರುವವರಿಗೂ 2 ಸಾವಿರ, ದೂರು ಕೇಳಿ ಓಡಾಡುವ ಮೆಂಬರ್‌ಗೂ 2 ಸಾವಿರ. ಪಕ್ಕದ ಕೇರಳದಲ್ಲಿ 2025ರ ಹೊತ್ತಿಗೇ ಗ್ರಾಮ ಪಂಚಾಯಿತಿ ಸದಸ್ಯರಿಗೆ ಏಳೆಂಟು ಸಾವಿರ, ಅಧ್ಯಕ್ಷರಿಗೆ 13–14 ಸಾವಿರದಷ್ಟಿತ್ತು. ಅಲ್ಲಿನ ಪಂಚಾಯ್ತಿಗಳು ನಮ್ಮದಕ್ಕಿಂತ ತುಂಬಾ ದೊಡ್ಡವು, ಕೆಲಸವೂ ಜಾಸ್ತಿ. ಹಾಗಾಗಿ ಅವರ ಅಂಕಿಯನ್ನು ಹಾಗೇ ತಂದು ಇಲ್ಲಿ ಇಡುವುದು ಸರಿಯಲ್ಲ. ಆದರೆ ಕೊಟ್ಟರೆ ಸರ್ಕಾರ ದಿವಾಳಿ ಆಗುತ್ತದೆ ಎನ್ನುವ ಮಾತಿಗೆ ಅದು ಉತ್ತರ.

ಅಧ್ಯಕ್ಷರ ಲೆಕ್ಕವೇ ಬೇರೆ. ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಅವರದು ಜಂಟಿ ಸಹಿ. ಬಿಲ್ಲಿಗೆ ಸಹಿ ಮಾಡಿದ ಮೇಲೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರೂ ಅವರೇ. ತಾಲ್ಲೂಕು ಕಚೇರಿ, ಜಿಲ್ಲೆಯ ಮೀಟಿಂಗ್, ಜಮಾಬಂದಿ, ವಸತಿ ಪಟ್ಟಿ, ಶಾಲೆಯ ಧ್ವಜಾರೋಹಣ, ಮದುವೆ, ತಿಥಿ. ಅಧ್ಯಕ್ಷರಾಗಿರುವ ಆ ಮೂವತ್ತು ತಿಂಗಳು ಬೇರೆಯವರ ತೋಟದ ಕೂಲಿಗೆ ಹೋಗುತ್ತೇನೆ ಎಂದರೆ ಆಗುವ ಮಾತಲ್ಲ. ಅವರನ್ನು ಪೂರ್ತಿ ತಿಂಗಳ ಕೆಲಸದವರು ಎಂದೇ ಎಣಿಸಬೇಕು. ಕನಿಷ್ಠ ವೇತನದ ಪ್ರಕಾರ ಸಂಬಳ ಪಡೆಯುವ ನೀರುಗಂಟಿಗಿಂತ ಪಂಚಾಯ್ತಿ ಅಧ್ಯಕ್ಷೆಗೆ ಕಡಿಮೆ ಸಿಗುವುದು ಯಾವ ನ್ಯಾಯ?

ಅದಕ್ಕೇ ನಾನು ರೂಪಾಯಿಯಲ್ಲಿ ಹೇಳುವುದಕ್ಕಿಂತ ದಿನದಲ್ಲಿ ಹೇಳುತ್ತೇನೆ. ಸದಸ್ಯರಿಗೆ ತಿಂಗಳಿಗೆ ಹತ್ತು ದಿನದ ಕೂಲಿ: ಕೆಲಸಕ್ಕೆ ಎಂಟು ದಿನದ್ದು, ಫೋನು, ಪೆಟ್ರೋಲಿಗೆ ಎರಡು ದಿನದ್ದು. ಉಪಾಧ್ಯಕ್ಷರಿಗೆ ಹದಿನಾಲ್ಕು ದಿನದ್ದು. ಅಧ್ಯಕ್ಷರಿಗೆ ಮೂವತ್ತು ದಿನದ್ದು. ದಿನಕ್ಕೆ 500 ಅಂದುಕೊಂಡರೆ 5 ಸಾವಿರ, 7 ಸಾವಿರ, 15 ಸಾವಿರ. ಕೂಲಿ ದರ ಏರಿದ ಹಾಗೆ ಇದೂ ತಾನಾಗಿ ಏರುತ್ತದೆ. ಮಂತ್ರಿಗಳ ಮನೆ ಬಾಗಿಲಲ್ಲಿ ಮನವಿ ಹಿಡಿದು ನಿಲ್ಲುವ ಕೆಲಸ ತಪ್ಪುತ್ತದೆ. ಎಂಪಿಗಳಿಗೆ ಈ ಸೌಲಭ್ಯ ಆಗಲೇ ಇದೆ. 2018ರಲ್ಲಿ ಕಾಯ್ದೆ ತಿದ್ದಿ, ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕ ನೋಡಿ ಸಂಬಳ ತಾನಾಗಿ ಏರುವಂತೆ ಮಾಡಿಕೊಂಡರು. ಹಾಗೆ ಬಂದದ್ದೇ 2025ರ ಮಾರ್ಚ್‌ನ ಏರಿಕೆ, 1 ಲಕ್ಷದಿಂದ 1.24 ಲಕ್ಷಕ್ಕೆ. ಡೆಲ್ಲಿಗೆ ಆಗುವುದು ತೀರ್ಥಹಳ್ಳಿಗೆ ಯಾಕೆ ಆಗಬಾರದು?

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿ, ಹೆಚ್ಚು ಕಡಿಮೆ 90 ಸಾವಿರ ಸದಸ್ಯರು. ನಾನು ಹೇಳಿದ ದರಕ್ಕೆ ಏರಿಸಿದರೆ ವರ್ಷಕ್ಕೆ ಸುಮಾರು 370 ಕೋಟಿ ಹೆಚ್ಚುವರಿ ಬೇಕು. ದೊಡ್ಡ ಮೊತ್ತವೇ. ಆದರೆ 2025–26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ. ನೂರು ರೂಪಾಯಿಗೆ ಒಂಬತ್ತು ಪೈಸೆ ಆಯಿತು.

ಇನ್ನು ಮಲೆನಾಡಿನದೇ ಒಂದು ತೊಡಕಿದೆ, ಬೆಂಗಳೂರಿನಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ. ಕಾಯ್ದೆಯಲ್ಲಿ 400 ಜನಕ್ಕೆ ಒಬ್ಬರು ಸದಸ್ಯರು. ಬಯಲುಸೀಮೆಯಲ್ಲಿ 400 ಜನ ಎಂದರೆ ಎರಡು ಬೀದಿ. ನಿಮ್ಮಲ್ಲಿ? ಹಳ್ಳದಾಚೆ ನಾಲ್ಕು ಮನೆ, ಗುಡ್ಡದ ನೆತ್ತಿಯಲ್ಲಿ ಎರಡು, ತೋಟದ ಕೆಳಗೆ ಒಂದು. ಇದನ್ನು ಕಾಯ್ದೆ ಬರೆದವರು ಅರ್ಧ ಅರ್ಥ ಮಾಡಿಕೊಂಡರು. ಬೇರೆ ಕಡೆ ಪಂಚಾಯ್ತಿಗೆ 5 ಸಾವಿರ ಜನ ಬೇಕು, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನಂಥ ಜಿಲ್ಲೆಗಳಲ್ಲಿ 2,500 ಜನ ಇದ್ದರೂ ಸಾಕು ಎಂದು ವಿನಾಯಿತಿ ಕೊಟ್ಟರು. ಆದರೆ ಗೌರವಧನಕ್ಕೆ ಬಂದಾಗ ಎಲ್ಲರಿಗೂ ಒಂದೇ ಅಳತೆ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಸದಸ್ಯರು ಸಾಗರದಲ್ಲಿ ಒಂದು ಗಂಟೆಯ ಸಭೆಗೆ ದಿನವಿಡೀ ಕಳೆಯುತ್ತಿದ್ದರು. ಹಿನ್ನೀರು ದಾಟಿಸುವ ಲಾಂಚ್ ತಪ್ಪಿದರೆ ಅಲ್ಲೇ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ಆಗಿದ್ದರಿಂದ ಆ ಪಾಡು ಕಡಿಮೆಯಾಯಿತು. ಎಲ್ಲ ಹಳ್ಳಕ್ಕೂ ಸೇತುವೆ ಬರುವುದಿಲ್ಲವಲ್ಲ! ಹಾಗಾಗಿ ಪಂಚಾಯ್ತಿ ಮತ್ತು ತಾಲ್ಲೂಕಿಗೆ ಹೋಗಿಬರುವ ಪ್ರಯಾಣದ ಖರ್ಚನ್ನು ಗೌರವಧನದ ಒಳಗೆ ತುರುಕಬಾರದು. ಅದು ದೂರ ನೋಡಿ ಬೇರೆಯಾಗಿ ಬರಬೇಕು. ಇಲ್ಲದಿದ್ದರೆ ಪಂಚಾಯ್ತಿ ಆಫೀಸಿನ ಪಕ್ಕ ಮನೆ ಇದ್ದವರಿಗೆ ಲಾಭ, ಕಾಡಂಚಿನವರಿಗೆ ಲುಕ್ಸಾನು.

‘ಸಂಬಳ ಜಾಸ್ತಿ ಕೊಟ್ಟರೆ ಲಂಚ ನಿಲ್ಲುತ್ತದೆ’ ಎಂದು ಕೆಲವರು ನಿಮ್ಮ ಪರವಾಗಿಯೇ ಹೇಳುತ್ತಾರೆ. ಈ ವಾದವನ್ನು ನೀವು ಹಿಡಿಯಬೇಡಿ, ಕೈಕೊಡುತ್ತದೆ. ಪಂಚಾಯ್ತಿ ಕೆಲಸದಲ್ಲಿ ಸದಸ್ಯರಿಗೆ ಪಾಲು ಇದ್ದರೆ ಸದಸ್ಯತ್ವವೇ ಹೋಗುತ್ತದೆ ಎಂದು ಕಾಯ್ದೆ ಹೇಳುತ್ತದೆ. ಆದರೂ ಭಾವಮೈದುನನ ಹೆಸರಿನಲ್ಲಿ ಚರಂಡಿ ಕಾಮಗಾರಿ ಮಾಡಿಸುವವರು ಇದ್ದಾರೆ. 2 ಸಾವಿರವನ್ನು 5 ಸಾವಿರ ಮಾಡಿದರೆ ಅವರು ನಾಳೆಯಿಂದ ಸಾಧುಗಳಾಗುವುದಿಲ್ಲ. ಗೌರವಧನ ಏರಿಸಿದರೆ ಆಗುವ ಉಪಕಾರ ಬೇರೆ: ಕಾಮಗಾರಿಯಲ್ಲಿ ಕೈ ಹಾಕದೆ ಇರುವವರೂ ಐದು ವರ್ಷ ನಿಲ್ಲಬಹುದು. ಈಗ ಅಂಥವರು ಒಂದು ಅವಧಿ ಮುಗಿಸಿ ‘ಸಾಕು ಮಾರಾಯ್ರೇ’ ಅಂತ ಮನೆಗೆ ಹೋಗುತ್ತಾರೆ. ಉಳಿಯುವವರು ಯಾರು ಅಂತ ನೀವೇ ನೋಡಿದ್ದೀರಿ.

ಹಾಗಂತ 30 ಸಾವಿರ, 40 ಸಾವಿರ ಕೊಡಿ ಎನ್ನುವವರ ಜೊತೆಗೂ ನಾನಿಲ್ಲ. ಅಷ್ಟು ದುಡ್ಡು ಇಟ್ಟರೆ ವಾರ್ಡ್ ಚುನಾವಣೆಯ ಖರ್ಚೂ ಅದೇ ಅಳತೆಗೆ ಏರುತ್ತದೆ. ಈಗಲೇ ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರನ್ನು ಟ್ರಿಪ್‌ಗೆ ಕರೆದುಕೊಂಡು ಹೋಗುವುದನ್ನು ಕಾಣುತ್ತಿದ್ದೇವೆ.

ಈಗ ಯಾರು ತೀರ್ಮಾನಿಸಬೇಕು ಎನ್ನುವ ಪ್ರಶ್ನೆ. ನನಗೆ ಎಷ್ಟು ಎನ್ನುವುದಕ್ಕಿಂತ ಇದೇ ಮುಖ್ಯ. ತಗೊಳ್ಳುವವರೇ ತಮಗೆ ಬರೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಲ್ ಎಂಬ ಊರಿನ ಕಥೆ ಸಾಕು. ನಮ್ಮ ಸಾಗರ ಪೇಟೆಗಿಂತ ಚಿಕ್ಕದು, ಬಡವರ ಊರು. ಅಲ್ಲಿನ ಕೌನ್ಸಿಲರುಗಳಿಗೆ ರಾಜ್ಯದ ಕಾನೂನು ಸಂಬಳಕ್ಕೆ ಮಿತಿ ಹಾಕಿತ್ತು. 2005ರಲ್ಲಿ ಒಂದು ವಿಶೇಷ ಮತದಾನ ಮಾಡಿಸಿ ಆ ಮಿತಿಯಿಂದ ತಪ್ಪಿಸಿಕೊಂಡರು. ಮತ ಹಾಕಿದವರು 400 ಜನವೂ ಇರಲಿಲ್ಲ. 2010ರಲ್ಲಿ ಪತ್ರಿಕೆಯವರು ಹೊರಗೆಳೆದಾಗ ಆ ಅರೆಕಾಲಿಕ ಕೌನ್ಸಿಲರುಗಳು ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ ಡಾಲರ್, ಊರಿನ ಮ್ಯಾನೇಜರ್ 8 ಲಕ್ಷ ಡಾಲರ್‌ನಷ್ಟು ಎಣಿಸುತ್ತಿದ್ದರು. ಆಮೇಲೆ ಜೈಲಿಗೂ ಹೋದರು.

ನಮ್ಮ ವಿಧಾನಸಭೆಯನ್ನೇ ನೋಡಿ. 2022ರ ಫೆಬ್ರವರಿಯಲ್ಲಿ ಶಾಸಕರ, ಮಂತ್ರಿಗಳ ಸಂಬಳ ಏರಿಸುವ ಮಸೂದೆ ಪಾಸಾದಾಗ ಸದನದಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಗಲಾಟೆ. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ, ನಮ್ಮ ಶಿವಮೊಗ್ಗದ ಶಾಸಕ ಕೆ.ಎಸ್. ಈಶ್ವರಪ್ಪ ರಾಜೀನಾಮೆ ಕೊಡಲಿ ಎಂದು ವಿರೋಧ ಪಕ್ಷದವರು ಧರಣಿ ಕೂತಿದ್ದರು. 2025ರ ಮಾರ್ಚ್ 21ರಂದು ಮತ್ತೆ ಅದೇ ಆಟ, ಪಕ್ಷಗಳು ಮಾತ್ರ ಅದಲು ಬದಲು. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಏರಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ, ಏರಿಸಿದ ರೀತಿ ಸರಿಯಿಲ್ಲ. ಪಂಚಾಯ್ತಿ ಸದಸ್ಯರದು ಇದರ ತಿರುಗುಮುರುಗು. ತಮ್ಮ ಸಂಬಳದ ಮೇಲೆ ಅವರಿಗೆ ಯಾವ ಹಿಡಿತವೂ ಇಲ್ಲ. ಸರ್ಕಾರಕ್ಕೆ ನೆನಪಾದಾಗ ಏರುತ್ತದೆ. ನೆನಪಾಗುವುದು ಸಾಮಾನ್ಯವಾಗಿ ಚುನಾವಣೆ ಹತ್ತಿರ ಬಂದಾಗ. ವಿಧಾನ ಪರಿಷತ್ತಿನ 25 ಸ್ಥಾನಕ್ಕೆ ವೋಟು ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೇ ಜಾಸ್ತಿ, ಆಗ ಎಲ್ಲ ಪಕ್ಷದವರಿಗೂ ನಿಮ್ಮ ಗೌರವಧನದ ಬಗ್ಗೆ ಕಾಳಜಿ ಉಕ್ಕುತ್ತದೆ.

ಬೇರೆ ದೇಶಗಳಲ್ಲಿ ಇದಕ್ಕೆ ಎರಡು ದಾರಿ ಹುಡುಕಿದ್ದಾರೆ. ಇಂಗ್ಲೆಂಡಿನಲ್ಲಿ 2003ರ ನಿಯಮದ ಪ್ರಕಾರ ಪ್ರತಿ ಕೌನ್ಸಿಲ್‌ಗೆ ಹೊರಗಿನವರ ಒಂದು ಸಮಿತಿ ಇರಬೇಕು. ಕೌನ್ಸಿಲರ್ ಆದವರು ಅದರಲ್ಲಿ ಇರುವಂತಿಲ್ಲ. ಭತ್ಯೆ ಎಷ್ಟು ಎಂದು ಆ ಸಮಿತಿ ವರದಿ ಕೊಟ್ಟ ಮೇಲೆಯೇ ಕೌನ್ಸಿಲ್ ಕೈ ಎತ್ತಬೇಕು. ಅಮೆರಿಕದ ಸಂಸತ್ತಿನಲ್ಲಿ ಸಂಬಳ ಬದಲಾದರೆ ಮುಂದಿನ ಚುನಾವಣೆ ಆದ ಮೇಲೆಯೇ ಜಾರಿ. 1789ರಲ್ಲಿ ಬರೆದ ಈ ತಿದ್ದುಪಡಿ ಸಂವಿಧಾನಕ್ಕೆ ಸೇರಿದ್ದು 1992ರಲ್ಲಿ. ಏರಿಸಿದವರಿಗೇ ಸಿಗುತ್ತದೆ ಎನ್ನುವ ಖಾತ್ರಿ ಇಲ್ಲ ಅಂದರೆ ಕೈ ತಾನಾಗಿ ಬಿಗಿಯಾಗುತ್ತದೆ.

ನಮಗೆ ಹೊಸ ಸಮಿತಿ ಕಟ್ಟುವ ಅಗತ್ಯವೇ ಇಲ್ಲ. ಸಂವಿಧಾನದ 243-ಐ ವಿಧಿಯಲ್ಲಿ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಮಾಡಲೇಬೇಕು. ಪಂಚಾಯ್ತಿಗೆ ರಾಜ್ಯದ ದುಡ್ಡಿನಲ್ಲಿ ಎಷ್ಟು ಪಾಲು ಎಂದು ಹೇಳುವುದೇ ಅದರ ಕೆಲಸ. ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ 5ನೇ ಆಯೋಗ 2023ರಲ್ಲಿ ರಚನೆಯಾಗಿದ್ದು ಹೀಗೆಯೇ. ಮುಂದಿನ ಆಯೋಗಗಳಿಗೆ ಗೌರವಧನದ ಪ್ರಶ್ನೆಯನ್ನೂ ಬರೆದುಕೊಡಲಿ. ಆಯೋಗ ಎಷ್ಟು ದಿನದ ಕೂಲಿ ಎಂದು ಹೇಳಲಿ, ಅದು ಮುಂದಿನ ಪಂಚಾಯ್ತಿ ಚುನಾವಣೆಯಿಂದ ಜಾರಿಯಾಗಲಿ.

ಕೊಡುವ ರೀತಿಯ ಬಗ್ಗೆಯೂ ಒಂದು ಮಾತು. ಸಭೆಗೆ ಇಷ್ಟು ಎಂದು ಮಾತ್ರ ಕೊಟ್ಟರೆ ಸಭೆಗಳು ಸುಮ್ನೆ ಹೆಚ್ಚುತ್ತವೆ. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಬರದವರಿಗೂ ಸಿಗುತ್ತದೆ. ತಿಂಗಳ ಮೊತ್ತ ಇರಲಿ, ಕಾರಣ ಇಲ್ಲದೆ ಸಭೆ ತಪ್ಪಿಸಿದರೆ ಎರಡು ದಿನದ ಕೂಲಿ ಮುರಿಯಲಿ. ಮತ್ತೆ, ಹೆಂಡತಿ ಅಧ್ಯಕ್ಷೆ, ಕುರ್ಚಿಯಲ್ಲಿ ಗಂಡ ಎನ್ನುವ ಪಂಚಾಯ್ತಿಗಳು ನಿಮ್ಮ ಸುತ್ತಲೂ ಇವೆ. ದುಡ್ಡು ಅವಳ ಒಬ್ಬಳದೇ ಖಾತೆಗೆ, ತಿಂಗಳ ಮೊದಲ ವಾರವೇ ಬೀಳಬೇಕು. ಆರು ತಿಂಗಳಿಗೊಮ್ಮೆ ಒಟ್ಟಿಗೆ ಬರುವ ಗೌರವಧನದಿಂದ ಕೂಲಿಯವರಿಗೆ ಏನೂ ಉಪಯೋಗ ಇಲ್ಲ, ಅಂಗಡಿ ಸಾಲ ಅಷ್ಟು ದಿನ ಕಾಯುವುದಿಲ್ಲ.

ಕಡೆಗೆ ನಿಮ್ಮ ನಿರ್ಣಯದ ವಿಷಯ. ಗೌರವಧನದ ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. ಪಂಚಾಯ್ತಿ ತಾನೇ ನಿರ್ಣಯ ಮಾಡಿ ಅದಕ್ಕಿಂತ ಜಾಸ್ತಿ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಸಹಿ ಮಾಡಿದವರಿಂದಲೇ ವಸೂಲಿಗೆ ಬರೆಯುತ್ತಾರೆ. ನಿಮ್ಮ ಅಧ್ಯಕ್ಷರು ಸಿಕ್ಕಿಬೀಳುತ್ತಾರೆ. ಮನೆ ಕಂದಾಯ, ನೀರಿನ ಕರ ಬಿಟ್ಟು ಬೇರೆ ಲೆಕ್ಕದಿಂದ ತೆಗೆಯೋಣ ಎಂದರೆ ಅದು ಇನ್ನೂ ಅಪಾಯ. 2025–26ರ ತನಕದ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನವನ್ನು ಸಂಬಳ, ಕಚೇರಿ ಖರ್ಚಿಗೆ ಮುಟ್ಟುವಂತಿಲ್ಲ ಎಂದು ಷರತ್ತಿನಲ್ಲೇ ಇತ್ತು.

ನಿಮ್ಮ ಕೈಯಲ್ಲಿ ಆಗುವುದು ಇನ್ನೊಂದಿದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೂರು ತಿಂಗಳು ಬರೆಯಿರಿ: ತಾರೀಖು, ಏನು ಕೆಲಸ, ಎಷ್ಟು ಹೊತ್ತು, ಎಲ್ಲಿಗೆ ಹೋದಿರಿ, ಬಸ್ಸಿಗೆ ಎಷ್ಟು, ಆ ದಿನ ಕೂಲಿ ತಪ್ಪಿತಾ. ನಿಮ್ಮ ಪಂಚಾಯ್ತಿಯ ಬೇರೆ ಸದಸ್ಯರ ಹತ್ತಿರವೂ ಬರೆಸಿ. ನನ್ನ ಎಂಟು ದಿನದ ಅಂದಾಜು ಆರು ಎಂದು ಬರಬಹುದು, ಹನ್ನೆರಡು ಎಂದೂ ಬರಬಹುದು. ಬಂದದ್ದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ, ಗೌರವಧನವನ್ನು ದಿನಗೂಲಿಗೆ ಜೋಡಿಸಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುವ ಒಂದು ನಿರ್ಣಯ ಬರೆಸಿ, ಆ ಪುಸ್ತಕದ ಜೆರಾಕ್ಸನ್ನು ಅದರ ಜೊತೆ ಲಗತ್ತಿಸಿ. ಶಿಫಾರಸಿನ ನಿರ್ಣಯಕ್ಕೆ ಆಡಿಟ್‌ನವರ ಅಡ್ಡಿ ಇಲ್ಲ. ಆ ಹಿರಿಯರು ಸಭೆಗೆ ಬಂದರೆ ಸೂಚಕರಾಗಿ ಅವರ ಸಹಿಯನ್ನೇ ಕೇಳಿ ನೋಡಿ.